ಸುಣ್ಣದಗೂಡಿನ ಚೆಕ್ಕುಬಂದಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರಿನಲ್ಲಿ ನಾನು ಒಮ್ಮೆ ಬರೆದದ್ದೇ ಸಾಕು.

ಹೋದ ತಿಂಗಳು ತೀರಿಕೊಂಡರು. ನಾಗಮಂಗಲದ ನಮ್ಮ ಬೀದಿಗಳಿಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೀರು ಬಿಟ್ಟವರು. ಕೆಲಸ ಕಾಯಂ ಆಗಲಿಲ್ಲ, ಆದ್ದರಿಂದ ನಿವೃತ್ತಿಯೂ ಆಗಲಿಲ್ಲ. ಮಂಡಿ ಗಟ್ಟಿ ಇರುವ ತನಕ ಸೈಕಲ್ ತುಳಿದುಕೊಂಡು ಬಂದರು, ಮಂಡಿ ಸೋತ ಮೇಲೆ ಅದೇ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಅದರ ನಡುಗಂಬಿಗೆ ಒಂದು ಕಬ್ಬಿಣದ ಕೀ ಕಟ್ಟಿರುತ್ತಿತ್ತು. ನೆಲಕ್ಕೆ ನಿಲ್ಲಿಸಿದರೆ ಎದೆಯೆತ್ತರ ಬರುತ್ತಿತ್ತು. ಬೀದಿಯ ಗುಂಡಿಯ ಮುಚ್ಚಳ ತೆಗೆದು, ಕೀಯನ್ನು ಒಳಗಿನ ವಾಲ್ವಿಗೆ ಇಳಿಸಿ, ಸುತ್ತು ಎಣಿಸಿಕೊಂಡು ತಿರುಗಿಸುವರು. ಆಮೇಲೆ ಬಗ್ಗಿ ಕೀಯ ತುದಿಗೆ ಕಿವಿ ಕೊಡುವರು. ಕಣ್ಣು ಮುಚ್ಚಿಕೊಂಡು ಅಷ್ಟು ಹೊತ್ತು ಕೇಳುವರು. ನೀರು ಎಲ್ಲಿಯವರೆಗೆ ಹೋಯಿತು, ಎಲ್ಲಿ ಸೋರುತ್ತಿದೆ, ಯಾವ ಮನೆಯಲ್ಲಿ ನಲ್ಲಿ ತಿರುಗಿಸಿದರು ಎಂದು ಆ ಕಬ್ಬಿಣದಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

ಒಮ್ಮೆ ಹೀಗೆಯೇ ಕೇಳಿದವರು ಕೀಯನ್ನು ಅಲ್ಲೇ ಬಿಟ್ಟು ನಮ್ಮ ಎದುರು ಮನೆಯ ಗೇಟಿನ ಬಳಿ ಹೋಗಿ ನಿಂತರು. ಆ ಮನೆಯವರು ಕದ್ದು ಪೈಪಿಗೆ ಮೋಟರು ಹಾಕಿಸಿದ್ದು ಬೀದಿಗೆಲ್ಲ ಗುಮಾನಿ, ಆದರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇವರು ಮೆತ್ತಗೆ ಕೂಗಿದರು.

"ಅಕ್ಕಾ, ನಿಮ್ಮನೇಗೆ ಯಾರೋ ನೆಂಟ್ರು ಬಂದಂಗವ್ರೆ."

"ಯಾರೂ ಬಂದಿಲ್ವಲ್ಲ."

"ಬಂದವ್ರೆ ಕಣಕ್ಕ. ಒಬ್ರೇ ಕುಂತ್ಕಂಡು ಇಡೀ ಬೀದಿ ನೀರು ಕುಡೀತಾವ್ರೆ. ವಸಿ ನಿಧಾನುಕ್ಕೆ ಕುಡೀರಿ ಅಂತ ಯೋಳಿ."

ಆ ಸಂಜೆಯೇ ಮೋಟರು ಬಿಚ್ಚಿಸಿದರು. ಜಗಳವಿಲ್ಲ, ದೂರಿಲ್ಲ.

ಇನ್ನು ನಾನು. ಎಸ್ಸೆಸ್ಸೆಲ್ಸಿ ಪಾಸು. ಬಿಂಡಿಗನವಿಲೆ ಕಡೆಯ ಹೊಲಮನೆಯವನು. ತಾಲ್ಲೂಕು ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ನಲವತ್ತು ವರ್ಷ ಅರ್ಜಿ ಬರೆದೆ. ವಿಧವಾ ಪಿಂಚಣಿ, ಖಾತೆ ಬದಲಾವಣೆ, ದಾರಿ ತಕರಾರು, ಕೊಳವೆಬಾವಿ, ಏನು ಬೇಕಾದರೂ. ನನ್ನ ಅಕ್ಷರ ದುಂಡಗಿತ್ತು. ಜನ ಗೋಳಾಡುತ್ತ ಹೇಳಿದ್ದನ್ನು ಆಫೀಸಿನವರು ಓದುವ ಹಾಗೆ ಅರ್ಧ ಪುಟಕ್ಕೆ ಇಳಿಸುವುದರಲ್ಲಿ ನನ್ನಷ್ಟು ಪಳಗಿದವರು ಆ ಮರದ ಕೆಳಗೆ ಇರಲಿಲ್ಲ. ಇದನ್ನು ಈಗಲೂ ಅಂಜಿಕೆಯಿಲ್ಲದೆ ಹೇಳುತ್ತೇನೆ.

ನಮ್ಮ ಕಸುಬಿಗೆ ಒಂದು ಕಟ್ಟಳೆ ಇದೆ. ಬರೆದು ಮುಗಿಸಿದ ಮೇಲೆ, ಸೈನ್ ಹಾಕಿಸುವ ಮುಂಚೆ, ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹೆಬ್ಬೆಟ್ಟಿನವರಿಗಂತೂ ಹೇಳಲೇಬೇಕು. ಯಾವ ಕಾನೂನಿನಲ್ಲಿದೆಯೋ ತಿಳಿಯದು. ಈ ಕೆಲಸ ಕಲಿಸಿದ ನಮ್ಮ ಸೋದರಮಾವ ಮೊದಲ ದಿನವೇ ಹೇಳಿಕೊಟ್ಟದ್ದು ಅದೊಂದನ್ನೇ. ಓದಿ ಹೇಳುವಾಗ ಎದುರಿನವರು ತಲೆ ತೂಗುತ್ತಾರೆ. ಆ ತಲೆ ತೂಗುವುದೇ ನಿಜವಾದ ಸಹಿ, ಕೆಳಗಿನ ಗೀಟು ಬರೀ ಗುರುತು.

ನಾವಿದ್ದ ಜಾಗಕ್ಕೆ ಸುಣ್ಣದಗೂಡು ಎಂದು ಹೆಸರು. ಊರಿನ ಗೋಡೆಗಳಿಗೆಲ್ಲ ಸುಣ್ಣ ಸುಟ್ಟುಕೊಟ್ಟ ಗೂಡು ಅಲ್ಲಿತ್ತು. ಈಗಲೂ ಇದೆ. ಕಲ್ಲಿನ ದುಂಡನೆಯ ಗೋಡೆ, ಒಳಗೆ ಔಡಲ ಗಿಡ. ಗೂಡಿನಿಂದ ಕೆಳಕ್ಕೆ ಹಳ್ಳದವರೆಗೆ ಹದಿನಾಲ್ಕು ಮನೆಗಳ ಕೆಳಬೀದಿ. ಸುಣ್ಣ ಸುಡುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಇರುವುದು ಅಲ್ಲಿ. ನೀರು ಬಿಡುವವರ ಮನೆಯೂ ಅಲ್ಲೇ. ಅವರ ತಾಯಿ ಕುಕ್ಕೆಯಲ್ಲಿ ಸುಣ್ಣಕಲ್ಲು ಹೊತ್ತು ಕೈಯ ಗೆರೆ ಸವೆಸಿಕೊಂಡವರಂತೆ. ಗೂಡಿನಿಂದ ಮೇಲಕ್ಕೆ ಮೊದಲು ಬರೀ ಕಲ್ಲುಭೂಮಿ. ಅದನ್ನು ಸೈಟು ಮಾಡಿದಾಗ ನಮ್ಮಂಥವರು ಬಂದು ಮನೆ ಕಟ್ಟಿದೆವು. ಮೇಷ್ಟರು, ಗುಮಾಸ್ತರು, ಬೆಳ್ಳೂರು ಕ್ರಾಸಿನಲ್ಲಿ ಅಂಗಡಿ ಇಟ್ಟವರು. ಎಲ್ಲಕ್ಕೂ ಸೇರಿ ಹೆಸರು ಸುಣ್ಣದಗೂಡು.

ಮನೆಗೆ ಗ್ರಾನೈಟು ಹಾಕಿಸಿದ ಮೇಲೆ ಆ ಹೆಸರು ನಮಗೆ ಚುಚ್ಚತೊಡಗಿತು. ಒಂದು ಸಂಘ ಕಟ್ಟಿದೆವು. ಕಬ್ಬಿಣದ ಅಂಗಡಿಯವರು ಅಧ್ಯಕ್ಷರು, ಬರೆಯಲು ಬರುತ್ತದೆಂದು ನಾನು ಕಾರ್ಯದರ್ಶಿ. ಹೊಸ ಹೆಸರು ಯಾವುದೆಂದು ಒಂದು ವರ್ಷ ಪೂರ್ತಿ ಕಿತ್ತಾಡಿದೆವು. ನಿವೃತ್ತ ಮೇಷ್ಟರೊಬ್ಬರಿಗೆ ವಿದ್ಯಾನಗರ ಆಗಬೇಕಿತ್ತು. ಹಾಲಿನ ಡೇರಿಯವರಿಗೆ ಲಕ್ಷ್ಮೀನಗರ. ಅಧ್ಯಕ್ಷರಿಗೆ ಅವರ ತಂದೆಯ ಹೆಸರು. ಇಬ್ಬರು ಮಾತು ಬಿಟ್ಟರು. ಒಬ್ಬರು ಇನ್ನೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ.

ಅಂಥದೊಂದು ಸಭೆಗೆ ನೀರಿನ ಸಮಯ ಕೇಳಲೆಂದು ಇವರನ್ನೂ ಕರೆಸಿದ್ದೆವು. ಜಗಲಿಯ ಮೇಲೆ ಕುರ್ಚಿ ಇದ್ದರೂ ಕೂರದೆ ಸೈಕಲ್ಲು ಹಿಡಿದುಕೊಂಡು ಕೇಳುತ್ತಿದ್ದರು. ಅಧ್ಯಕ್ಷರು ತಮ್ಮ ತಂದೆ ಈ ಜಾಗಕ್ಕೆ ಎಷ್ಟು ಬೇಕಾದವರಾಗಿದ್ದರು ಎಂದು ವಿವರಿಸುತ್ತಿದ್ದಾಗ ಇವರು ನಡುವೆ ಹೇಳಿದರು.

"ಔದು ಔದು. ನಿಮ್ಮಪ್ಪಾರ್ನ ನಾ ಕಂಡಿವ್ನಿ. ಗೂಡು ಉರಿಯೋ ದಿಸ ಈ ದಾರೀಲಿ ಮೂಗು ಮುಚ್ಕಂಡು ಓಗೋರು."

ಮೇಷ್ಟರು ಜೋರಾಗಿ ನಕ್ಕರು. ಇವರು ಅವರ ಕಡೆ ತಿರುಗಿದರು. "ನೀವು ನಗಬ್ಯಾಡಿ ಮೇಷ್ಟ್ರೆ. ವಿದ್ಯಾನಗರ ಅಂದ್ರೆ ನಾಳಿಂದ ನೀರು ಬುಡಾಕ್ ಮುಂಚೆ ನಮ್ಮಂಥೋರ್ಗೆಲ್ಲ ಪರೀಕ್ಸೆ ಮಾಡ್ತೀರಿ."

ಕೊನೆಗೆ ಎಲ್ಲರಿಗೂ ಸಾಕಾಗಿ, ಯಾರಿಗೂ ಬೇಕಿಲ್ಲದ ಒಂದು ಹೆಸರಿಗೆ ಒಪ್ಪಿದೆವು. ಒಂದು ವರ್ಷ ಜಗಳವಾಡಿದವರು ಸೇರಿ ಆರಿಸಿದ ಹೆಸರು ಶಾಂತಿನಗರ.

ಅದೇ ಸಮಯದಲ್ಲಿ ನನ್ನ ಮಗಳಿಗೆ ಕೆ.ಆರ್. ಪೇಟೆ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬಸ್ಸಿಳಿದು ಆಟೋ ಹತ್ತಿದ್ದಾರೆ. ಶಾಂತಿನಗರ ಎಂದು ನಾನು ಕೊಟ್ಟ ವಿಳಾಸ ಆಟೋದವನಿಗೆ ಅರ್ಥವಾಗಲಿಲ್ಲ. "ಓ, ಸುಣ್ಣದ್ ಗೂಡಿನೋರ್ ಮನೆಗಾ" ಎಂದನಂತೆ. ಹುಡುಗನ ದೊಡ್ಡಪ್ಪ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ಹೊರಗೆ ಬಂದು, ಕೆಳಬೀದಿಯ ಕಡೆ ಕೈ ತೋರಿಸಿ "ಅವರೂ ನಿಮ್ಮ ಪೈಕೀನಾ" ಎಂದು ಕೇಳಿದರು. ಮತ್ತೆ ಬರಲಿಲ್ಲ. ಅವರು ಬಾರದಿರಲು ಬೇರೆ ಕಾರಣವೂ ಇದ್ದಿರಬಹುದು. ನಾನು ಮಾತ್ರ ಆ ಹೆಸರನ್ನೇ ಹಿಡಿದುಕೊಂಡೆ.

ಪುರಸಭೆಗೆ ಕೊಡುವ ಮನವಿಯಲ್ಲಿ ಹೆಸರು ಹೇಳಿದರೆ ಸಾಲದು, ಜಾಗದ ಚೆಕ್ಕುಬಂದಿ ಕೊಡಬೇಕು. ಎಂದರೆ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದು ನಾಲ್ಕು ಎಲ್ಲೆ ಬರೆಯಬೇಕು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ದಕ್ಷಿಣಕ್ಕೆ ಗೂಡಿನ ತಂಕ ಸಾಕು ಕಣ್ರೀ. ಕೆಳಬೀದೀನೂ ಸೇರಿಸ್ಕಂಡ್ರೆ ಎಸ್ರು ಬದ್ಲಾಯಿಸಿ ಏನ್ ಬಂತು?" ಅವರು ಹೇಳಿದರು ಎಂದು ಇಲ್ಲಿ ಬರೆದೆ ಅಷ್ಟೆ. ಒಪ್ಪಿದ್ದು ನಾನು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವರು ಬಾಯಲ್ಲಿ ಹೇಳಿದ್ದರು. ಜೊತೆಗೆ ಒಂದು ಮಾತು ಸೇರಿಸಿದರು. ಕೆಳಬೀದಿಯ ಹಿರಿಯರೊಬ್ಬರ ಒಪ್ಪಿಗೆ ಪತ್ರ ಇದ್ದರೆ ಮುಂದೆ ತಕರಾರು ಏಳುವುದಿಲ್ಲ.

ಈ ಸುದ್ದಿ ಹೇಗೋ ನೀರು ಬಿಡುವವರ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತರು.

"ಗೌಡ್ರೆ, ನನ್ನದೊಂದು ತಕರಾರು ಅರ್ಜಿ ಬರೀಬೇಕಿತ್ತು."

"ಯಾತಕ್ಕಲಾ?" ಎಂದೆ. ಹೌದು, ಆಗ ನಾನು ಅವರನ್ನು ಹಾಗೆಯೇ ಮಾತಾಡಿಸುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವರು. ಇಲ್ಲಿ ಬರೆಯುತ್ತಿರುವ "ಅವರು" ನನ್ನ ಬಾಯಿಗೆ ಬಂದದ್ದು ತೀರ ತಡವಾಗಿ.

ಅವರು ಕೂತು, ಟವೆಲನ್ನು ಮಂಡಿಯ ಮೇಲೆ ಹಾಸಿಕೊಂಡು, ನಿಧಾನವಾಗಿ ಹೇಳಿದರು. ಎಲ್ಲವನ್ನೂ ಹೇಳಿದರು. ನಾನು ಪೆನ್ನು ಆಡಿಸುತ್ತಲೇ ಇದ್ದೆ. ಅವರು ಹೇಳಿದ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು, ಕೈ ಮಾತ್ರ ಬೇರೆ ಬರೆಯುತ್ತಿತ್ತು. "ಕೆಳಬೀದಿಯ ನಿವಾಸಿಯಾದ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ಉದ್ದೇಶಿತ ಶಾಂತಿನಗರದ ದಕ್ಷಿಣದ ಎಲ್ಲೆಯು ಹಳೆಯ ಸುಣ್ಣದ ಗೂಡು ಆಗಿರುತ್ತದೆ. ಸದರಿ ಎಲ್ಲೆಯಿಂದ ಹೊರಗಿರುವ ನಮ್ಮದು ಏನೊಂದು ಆಕ್ಷೇಪಣೆಯೂ ಇರುವುದಿಲ್ಲ." ಒಂದು ಕಾಟಿಲ್ಲ, ಒಂದು ತಿದ್ದುಪಡಿಯಿಲ್ಲ.

ಬರೆದು ಮುಗಿಸಿದಾಗ ಅವರು ಹೇಳಿದರು. "ಎಲ್ಲಿ, ಓದಿ ಯೋಳಿ."

ಕಟ್ಟಳೆ ಗೊತ್ತಿದ್ದವರು. ನಾನು ಕಾಗದವನ್ನು ಎತ್ತಿ ಹಿಡಿದೆ. ಕಣ್ಣನ್ನು ಸಾಲಿನ ಮೇಲೆ ಆಡಿಸುತ್ತ, ಅವರು ಹೇಳಿದ್ದ ಮಾತುಗಳನ್ನೇ ಆಫೀಸು ಕನ್ನಡಕ್ಕೆ ತಿರುಗಿಸಿ, ಬಾಯಿಂದ ಬಿಟ್ಟೆ. ಎಲ್ಲಿಯೂ ತಡವರಿಸಲಿಲ್ಲ. ಅಷ್ಟು ಪಳಗಿದ್ದೆ. ಅವರು ಕಣ್ಣು ಮುಚ್ಚಿ ತಲೆ ತೂಗಿದರು.

"ನಾನಂದಿದ್ದುಕ್ಕಿಂತ ಚಂದಾಗದೆ" ಎಂದರು.

ಎದ್ದು ಹೋಗಿ ಬೀದಿ ನಲ್ಲಿಯಲ್ಲಿ ಕೈ ತೊಳೆದು, ಟವೆಲಿಗೆ ಒರೆಸಿಕೊಂಡು ಬಂದರು. ಸೈನ್ ಹಾಕುವ ಮುಂಚೆ ಯಾವಾಗಲೂ ಹಾಗೆ ಮಾಡುತ್ತಿದ್ದರು. ಹೆಸರು ಬರೆಯುವುದೊಂದನ್ನು ಕಲಿತಿದ್ದರು, ಮಿಕ್ಕ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ರಂಗೋಲಿಯ ಎಳೆ ಎಳೆದ ಹಾಗೆ ಒಂದೊಂದೇ ಅಕ್ಷರ ಎಳೆದರು. ನಾನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ. ನಾನೇ ಕೊಟ್ಟುಬರುತ್ತೇನೆ ಎಂದೆ. ಹೊರಡುವಾಗ ಸಂಜೆ ನಮ್ಮ ಬೀದಿಗೆ ಕಾಲು ಗಂಟೆ ಮುಂಚೆ ನೀರು ಬಿಡುತ್ತೇನೆ ಎಂದರು. ಮನೆಯಲ್ಲಿ ಮಗಳ ಅತ್ತೆ ಮಾವಂದಿರಾಗುವವರು ಬಂದಿದ್ದಾರೆಂದು ಯಾರೋ ಹೇಳಿದ್ದರಂತೆ. ಆ ಸಂಬಂಧದವರು ಆಗಲೇ ಹಿಂದೆ ಸರಿದಿದ್ದರು. ಆಗಲಿ ಎಂದೆ.

ಹೆಸರು ಮಂಜೂರಾಯಿತು. ಸ್ವಂತ ಕೈಯ ಸಹಿ ಇರುವ ಕಾಗದವನ್ನು ಯಾರು ತಾನೆ ಅನುಮಾನಿಸುತ್ತಾರೆ? ಗೂಡಿನ ಪಕ್ಕಕ್ಕೆ ಹಳದಿ ಬೋರ್ಡು ಬಂತು. ಮುಂದಿನ ವರ್ಷ ಶಾಂತಿನಗರಕ್ಕೆ ಟಾರು ಹಾಕಿದರು. ಟಾರು ಬೋರ್ಡಿನವರೆಗೆ ಬಂದು ನಿಂತಿತು. ಬೀದಿದೀಪ ಬೋರ್ಡಿನವರೆಗೆ ಬಂದು ನಿಂತಿತು. ಆಟೋದವರು ಮೇಲಿನ ಬೀದಿಗಳನ್ನು ಶಾಂತಿನಗರ ಎನ್ನತೊಡಗಿದರು. ಸುಣ್ಣದಗೂಡು ಎನ್ನುವ ಹೆಸರು ಆ ಹದಿನಾಲ್ಕು ಮನೆಗಳ ಮೇಲೆ ಮಾತ್ರ ಉಳಿಯಿತು. ಮೊದಲು ಅದು ಒಂದು ಜಾಗದ ಹೆಸರಾಗಿತ್ತು. ಈಗ ಅದನ್ನು ಹೇಳುವಾಗ ಜನ ದನಿ ತಗ್ಗಿಸುತ್ತಿದ್ದರು.

ಕೆಳಬೀದಿಯವರು ಗುಂಪು ಕಟ್ಟಿಕೊಂಡು ಪುರಸಭೆಗೆ ಕೇಳಲು ಹೋದರು. ಅಲ್ಲಿದ್ದವರು ಕಡತ ತೆಗೆದು ತೋರಿಸಿದರಂತೆ. "ನಿಮ್ಮ ಬೀದಿಯೋರೇ ಸೈನ್ ಹಾಕವ್ರಲ್ಲ. ನಾವು ಎಲ್ಲೆ ದಾಟಿ ಮಾಡಕ್ಕಾಯ್ತದಾ?"

ಆಮೇಲೆ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ಮಹಡಿಯಿಂದ ಕೆಳಬೀದಿಯ ನಲ್ಲಿ ಕಾಣುತ್ತದೆ. ಅವರು ಮೊದಲು ಎತ್ತರದ ಬೀದಿಗಳಿಗೆ ಬಿಟ್ಟು, ಕೊನೆಗೆ ತಮ್ಮ ಬೀದಿಗೆ ಬಿಡುತ್ತಿದ್ದರು. ಕೆಳಗೆ ಮೊದಲು ತೆಗೆದರೆ ಮೇಲಕ್ಕೆ ನೀರು ಏರುವುದಿಲ್ಲ. ಆ ಬೆಳಿಗ್ಗೆ ಕೀ ತಿರುಗಿಸಿ ನಿಂತರು. ನಲ್ಲಿಯ ಮುಂದೆ ಒಬ್ಬ ಮುದುಕಿ. ಕೆಳಬೀದಿಗೆಲ್ಲ ದೊಡ್ಡವ್ವ, ಅವರ ತಾಯಿಯ ಜೊತೆ ಕಲ್ಲು ಹೊತ್ತವಳು. ನೀರು ಬಂದ ಕೂಡಲೇ ಆಕೆ ತನ್ನ ಬಿಂದಿಗೆಯನ್ನು ಬೋರಲು ಹಾಕಿ ಅದರ ಪಕ್ಕದಲ್ಲಿ ಕುಳಿತುಬಿಟ್ಟಳು. ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ನೀರು ಸುಮ್ಮನೆ ಹರಿಯುತ್ತಿತ್ತು.  ನೀರು ಪೋಲಾಗುವುದನ್ನು ಅವರು ಸಹಿಸಲಾರರು. ಸೈಕಲ್ಲನ್ನು ತಳ್ಳಿಕೊಂಡು ತಿರುವು ದಾಟಿ ಮರೆಯಾದರು. ಆಮೇಲೆ ಬಿಂದಿಗೆಗಳು ನೆಟ್ಟಗಾದವು.

ಅಂದಿನಿಂದ ಅವರು ಕೊನೆಯ ವಾಲ್ವು ತಿರುಗಿಸಿದ ಕೂಡಲೇ ಅಲ್ಲಿಂದ ಹೊರಟುಬಿಡುತ್ತಿದ್ದರು. ಆ ಒಂದು ವಾಲ್ವಿಗೆ ಮಾತ್ರ ಕಿವಿ ಕೊಡುತ್ತಿರಲಿಲ್ಲ.

ಅದೇ ವಾರ ನನ್ನ ಮೇಜಿಗೆ ಬಂದರು. ಕಡತದಿಂದ ತೆಗೆಸಿದ ನಕಲು ಕೈಯಲ್ಲಿತ್ತು. ಪಕ್ಕದಲ್ಲಿ ಇನ್ನಿಬ್ಬರು ಅರ್ಜಿ ಬರೆಸುವವರು ಕೂತಿದ್ದರು. ಅವರಿಬ್ಬರೂ ಹೋಗುವ ತನಕ ಇವರು ಮರದ ಬೊಡ್ಡೆಗೆ ಒರಗಿಕೊಂಡು ಕಾದರು. ಆಮೇಲೆ ಕೂತು, ಕಾಗದವನ್ನು ಮೇಜಿನ ಮೇಲಿಟ್ಟು, ನನ್ನ ಕಡೆಗೆ ತಿರುಗಿಸಿದರು.

"ಓದಿ ಯೋಳಿ ಗೌಡ್ರೆ. ಈ ದಪ ಕಾಗ್ದುದ್ ಮ್ಯಾಲೆ ಇರಾದ್ನ ಓದಿ."

ಓದಿದೆ. ಇನ್ನೇನು ಮಾಡಲಿ? ನಾಲ್ಕು ಸಾಲು. ನನ್ನದೇ ದುಂಡು ಅಕ್ಷರ, ಆದರೆ ಓದುವಾಗ ಎರಡು ಕಡೆ ತಡವರಿಸಿದೆ. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ, ಕೀಗೆ ಕಿವಿ ಕೊಡುವ ಹಾಗೆಯೇ ಕೇಳಿದರು. ಮುಗಿದ ಮೇಲೆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಸರಿ ಬುಡಿ" ಎಂದರು. ಎದ್ದು ಹೋದರು.

ಅವರು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅಧ್ಯಕ್ಷರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅದಕ್ಕೆ ಅವರು ಜಾಗ ಕೊಡಲಿಲ್ಲ. ಕೆಳಬೀದಿಯವರು ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಎಷ್ಟೋ ದಿನ ಕಾದೆ. ಯಾರೂ ಬರಲಿಲ್ಲ. ಬಂದರು, ಆದರೆ ಪಿಂಚಣಿ ಅರ್ಜಿ ಬರೆಸಲು ಬಂದರು. ಬಿಂದಿಗೆ ಬೋರಲು ಹಾಕಿದ ಆ ದೊಡ್ಡವ್ವನೇ ಬಂದಳು. "ನೀವು ಬರುದ್ರೆ ಆಯ್ತದಂತೆ ಕಣಪ್ಪ" ಎಂದು ನನ್ನ ಮುಂದೆ ಕೈ ಮುಗಿದಳು. ನಾನು ಬರೆದೆ. ಬರೆದಂತೆಯೇ ಓದಿದೆ. ಪಿಂಚಣಿ ಆಯಿತು.

ನಮ್ಮ ಮನೆಗೆ ನೀರು ಎಂದಿನಂತೆ ಬರುತ್ತಿತ್ತು. ಒಂದು ದಿನವೂ ಕಮ್ಮಿಯಾಗಲಿಲ್ಲ, ಒಂದು ನಿಮಿಷ ತಡವಾಗಲಿಲ್ಲ. ಮಗಳ ಮದುವೆ ಪಾಂಡವಪುರದ ಕಡೆಗೆ ಆಯಿತು. ಆ ಬೀಗರು ಮನೆ ಎಲ್ಲಿ ಎಂದು ಕೇಳಲಿಲ್ಲ, ಹುಡುಗಿ ಏನು ಓದಿದ್ದಾಳೆ ಎಂದು ಕೇಳಿದರು. ಚಪ್ಪರದ ದಿನ ಇವರು ಕರೆಯದೆ ಬಂದು ತೊಟ್ಟಿ ತುಂಬಿಸಿ ಹೋದರು. ಊಟಕ್ಕೆ ನಿಲ್ಲಿ ಎಂದು ನನ್ನ ಹೆಂಡತಿ ಹೇಳಿದಳು. "ಇನ್ನೊಂದ್ ಬೀದಿ ಅದೆ ಕಣವ್ವ" ಎಂದು ಹೊರಟರು.

ಕೇಳಲು ನನಗೆ ಆರು ವರ್ಷ ಬೇಕಾಯಿತು. ಅವರ ಮಂಡಿ ಸೋತಿದ್ದ ಕಾಲ. ನಮ್ಮ ಗೇಟಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದೆ.

"ನೀವು ಯಾಕೆ ಯಾರಿಗೂ ಹೇಳಲಿಲ್ಲ?"

ಅವರು ನನ್ನನ್ನೇ ನೋಡಿದರು. ಏನನ್ನು ಎಂದು ಕೇಳಲಿಲ್ಲ.

"ಯೋಳಿ ಏನ್ ಮಾಡಾದು? ಯೋಳುದ್ರೆ ನಿಮ್ತಾವ ಇನ್ಯಾರು ಬಂದಾರು? ನಮ್ಮ ಬೀದೀಲಿ ಏಳು ಜನ ಎಂಗಸ್ರು ಗಂಡ ಇಲ್ದೋರು. ಓದು ಬರಾಕಿಲ್ಲ. ಬರ್ಸಿದ್ದು ಒಂದು, ಕಾಗ್ದದಲ್ಲಿರಾದು ಒಂದು ಅಂತ ಒಂದ್ ಕಿತ ಅವ್ರ ತಲೇಗೆ ಓದ್ರೆ ಆಯ್ತು. ನಿಮ್ತಾವ ಅಲ್ಲ, ಯಾರ್ತಾವ್ಲೂ ಬೆಟ್ಟು ಒತ್ತಾಕಿಲ್ಲ. ಪಿಂಚಣಿನೂ ಇಲ್ಲ, ಏನೂ ಇಲ್ಲ."

"ನಿಮ್ಮನ್ನ ಅವರು..." ಎಂದು ಶುರುಮಾಡಿ ನಿಲ್ಲಿಸಿದೆ.

"ನನ್ನುನ್ನ ಬಯ್ತಾರೆ, ಬಯ್ಲಿ. ನನ್ ಕೈಲಿ ಕೀ ಅದೆ, ನನ್ ಬುಟ್ಟು ಎಲ್ಗೋಯ್ತಾರೆ?" ನಕ್ಕರು. ಆಮೇಲೆ ನಗು ನಿಂತಿತು. "ಆದ್ರೆ ಗೌಡ್ರೆ, ನೀವು ತಪ್ಪು ತಿಳ್ಕಂಡ್ರಿ. ನಾನು ಅಳೇ ಎಸ್ರೇ ಬೇಕು ಅಂತ ಬಂದೋನಲ್ಲ. ಅದ್ನೂ ನೀವು ಕಿವೀಗಾಕ್ಕಳ್ಲಿಲ್ಲ."

ಅದು ನಿಜ. ಅಂದು ಮೇಜಿನ ಮುಂದೆ ಅವರು ಹೇಳಿದ್ದೆಲ್ಲ ನನ್ನ ಕಿವಿಗೆ ಬಿದ್ದಿತ್ತು, ಗಟ್ಟಿಯಾಗಿ ಒಪ್ಪಿಸಿಯೂ ಇದ್ದೆ. ಹಾಗಿದ್ದೂ ಇಷ್ಟು ವರ್ಷ, ಅವರು ಹಳೆಯ ಹೆಸರಿಗೆ ಜೋತುಬಿದ್ದವರು, ನಾನು ಹೊಸದಕ್ಕೆ, ಇದು ಎರಡು ಹೆಸರಿನ ವ್ಯಾಜ್ಯ ಎಂದುಕೊಂಡು ನನಗೆ ನಾನೇ ಅರ್ಧ ಮಾಫಿ ಕೊಟ್ಟುಕೊಂಡಿದ್ದೆ. ಆವತ್ತು ಆ ಅರ್ಧವೂ ಹೋಯಿತು.

ಆಗಲೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅವರೇ ಬೇಡವೆಂದಿದ್ದಾರಲ್ಲ ಎಂಬ ನೆಪ ಹಿಡಿದುಕೊಂಡು ಇನ್ನೂ ಆರು ವರ್ಷ ಕಳೆದೆ. ಅಷ್ಟರಲ್ಲಿ ಕಣ್ಣಿನ ಪೊರೆ ಬಂದು ಮೇಜು ಎತ್ತಿದೆ. ನನ್ನ ಬಳಿ ಯಾರೂ ಬಾರದಿದ್ದರೆ ಯಾರಿಗೂ ನಷ್ಟವಿಲ್ಲ ಎಂದಾದ ಮೇಲೂ ಬಾಯಿ ಬಿಡಲಿಲ್ಲ.

ಅವರು ಹೋದ ನಾಲ್ಕನೇ ದಿನ ಅವರ ಮಗಳು ನಮ್ಮ ಮನೆಗೆ ಬಂದಳು. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಓದುಬರಹ ಚೆನ್ನಾಗಿ ಬರುತ್ತದೆ. ಮರಣ ಪ್ರಮಾಣಪತ್ರದ ಫಾರಂ ಕೈಯಲ್ಲಿತ್ತು.

"ಎಲ್ಲಾ ತುಂಬಿವ್ನಿ ಗೌಡ್ರೆ. ವಿಳಾಸದ ತಾವ ನಿಂತ್ಬುಟ್ಟೆ. ಶಾಂತಿನಗರ ಅಂತ ಬರುದ್ರೆ ನೀವು ಅದ್ರೊಳಿಕ್ಕಿಲ್ಲ ಅಂತಾರೆ. ಸುಣ್ಣದಗೂಡು ಅಂದ್ರೆ ಅಂಗೊಂದು ಜಾಗಾನೇ ರಿಕಾರ್ಡಲ್ಲಿಲ್ಲ ಅಂತಾರೆ. ಅಪ್ಪ ಎಲ್ಲಿದ್ರು ಅಂತ ಬರೀಲಿ?"

ಅವಳನ್ನು ಕೂರಿಸಿದೆ. ನನ್ನ ಹೆಂಡತಿಯನ್ನೂ ಕರೆದು ಕೂರಿಸಿದೆ. ಆಕೆಗೂ ಗೊತ್ತಿರಲಿಲ್ಲ. ಇಬ್ಬರ ಮುಂದೆ ಎಲ್ಲವನ್ನೂ ಹೇಳಿದೆ. ಮಗಳು ಫಾರಂ ಮಡಚುತ್ತ, ಬಿಚ್ಚುತ್ತ ಕೇಳಿದಳು. ಅಳಲಿಲ್ಲ. ಎದ್ದು ನಿಂತು ಹೇಳಿದಳು. "ನಂಗ್ ಯೋಳುದ್ರೆ ಆಗಾಕಿಲ್ಲ. ಬೀದೀಲಿ ಬಂದ್ ಯೋಳಿ."

ಹನ್ನೊಂದನೇ ದಿನ ಹೋದೆ. ಕೆಳಬೀದಿಗೆ ನಾನು ಇಳಿದದ್ದು ಅದೇ ಮೊದಲು. ನಮ್ಮ ಮನೆಯಿಂದ ನೂರು ಹೆಜ್ಜೆ ಇಲ್ಲ. ಊಟ ಮುಗಿದು ಜನ ಇನ್ನೂ ಕೂತಿದ್ದರು. ನಿಂತುಕೊಂಡು ಹೇಳಿದೆ. ಒಬ್ಬ ಗಂಡಸು ತೋಳೇರಿಸಿಕೊಂಡು ಎದ್ದು ಬಂದ, ಮಗಳು ಅವನನ್ನು ತಡೆದಳು. ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕಾಣುವುದಿಲ್ಲ, ಕಿವಿ ಚುರುಕು. ಎಲ್ಲ ಕೇಳಿಸಿಕೊಂಡು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಅನ್ನೆರಡು ವರ್ಸ ಕಣಪ್ಪ. ಅನ್ನೆರಡು ವರ್ಸ ಅವ್ನ ಮುಂದೆ ನಾನು ಒಂದ್ ಬಿಂದ್ಗೆ ನೀರಿಡೀಲಿಲ್ಲ. ನೀನು ಒಂದಿನ ಮುಂಚೆ ಬಂದ್ ಯೋಳಿದ್ರೂ ಆಗಿತ್ತು. ಒಂದ್ ಬಿಂದ್ಗೆ ಇಡೀತಿದ್ದೆ."

 

ನಾನು ಹೊಸ ಅರ್ಜಿಯೊಂದನ್ನು ಬರೆದುಕೊಂಡು ಹೋಗಿದ್ದೆ. ಪೊರೆ ತೆಗೆಸಿದ ಕಣ್ಣಿನಲ್ಲಿ ಮೂರು ದಿನ ಕೂತು ಬರೆದದ್ದು. ಮೇಲೆ ನನ್ನ ತಪ್ಪೊಪ್ಪಿಗೆ, ಕೆಳಗೆ ನನ್ನ ಸಹಿ. ಅದರ ಕೆಳಗೆ ಅಂದು ಅವರು ಮೇಜಿನ ಮುಂದೆ ಕೂತು ಹೇಳಿದ ಮಾತು, ಅವರು ಹೇಳಿದ ಹಾಗೆಯೇ. ಓದಿ ಹೇಳಲೆಂದು ಕಾಗದ ಬಿಚ್ಚಿದೆ. ದೊಡ್ಡವ್ವ ಕೈ ಅಡ್ಡ ಹಿಡಿದಳು.

"ನೀನ್ ಓದ್ಬ್ಯಾಡ. ಅವ್ಳ ಕೈಗ್ ಕೊಡು."

ಕೊಟ್ಟೆ. ಮಗಳು ಓದಿದಳು. ತಂದೆಯ ಮಾತು ಬರುವ ಕಡೆ ಅವಳ ದನಿ ತಾನಾಗಿಯೇ ನಿಧಾನವಾಯಿತು. ದೊಡ್ಡವ್ವ ತಲೆ ತೂಗಿದಳು. ಹೆಬ್ಬೆಟ್ಟು ಒತ್ತುವ ಮುಂಚೆ ಕೈ ತೊಳೆಯಲು ನೀರು ಕೇಳಿದಳು.

ಸೋಮವಾರ ಆ ಅರ್ಜಿಯನ್ನು ನಾನೇ ಪುರಸಭೆಗೆ ತೆಗೆದುಕೊಂಡು ಹೋದೆ. ಮಗಳೂ ಜೊತೆಗೆ ಬಂದಳು. ಅಲ್ಲಿದ್ದ ಅಧಿಕಾರಿ ಮರ್ಯಾದಸ್ತರು. ಮೇಲಿನ ಭಾಗ ಓದಿ ಒಮ್ಮೆ ನನ್ನ ಮುಖ ನೋಡಿದರು. ಕೆಳಗಿನ ಭಾಗಕ್ಕೆ ಬಂದಾಗ ಮಾತ್ರ ಪೆನ್ನಿನ ತುದಿ ಇಟ್ಟು ನಿಂತರು.

"ಯಜಮಾನ್ರೆ, ಇದು ಮಾತಾಡಿದ ಹಾಗೇ ಇದೆಯಲ್ಲ. ಇದನ್ನ ಸ್ವಲ್ಪ ಅರ್ಜಿಯ ಥರ ಬರೆದುಕೊಡಿ. ನಿಮಗೆ ಗೊತ್ತಿಲ್ಲದ್ದಾ?"

"ಗೊತ್ತು. ನಲವತ್ತು ವರ್ಷ ಹಾಗೇ ಬರೆದಿದ್ದೇನೆ. ಇದೊಂದು ಹೀಗೇ ಇರಲಿ."

ಅವರು ಇನ್ನೊಮ್ಮೆ ಓದಿದರು. ಸೀಲು ಹಾಕಿ, ಸ್ವೀಕೃತಿ ಕೊಟ್ಟರು. ಆ ಸ್ವೀಕೃತಿಯನ್ನು ಮಗಳ ಕೈಗೆ ಕೊಟ್ಟೆ. ಮುಂದೆ ಏನಾಗುತ್ತದೋ ನೋಡಬೇಕು. ಕಡತದಲ್ಲಿ ಈಗ ಎರಡು ಕಾಗದ ಇವೆ. ಒಂದರಲ್ಲಿ ಅವರ ಸಹಿ ಇದೆ, ಅವರ ಮಾತಿಲ್ಲ. ಇನ್ನೊಂದರಲ್ಲಿ ಅವರ ಸಹಿ ಇಲ್ಲ. ಅವರ ಮಾತು ಇದು:

"ಸ್ವಾಮೇರೆ, ನಾನು ಈ ಬೀದಿಗಳ್ಗೆ ನೀರು ಬುಡೋನು. ಎಸ್ರು ಬದ್ಲಾಯಿಸ್ತೀವಿ ಅಂದ್ರೆ ಬದ್ಲಾಯಿಸ್ಕಳಿ, ನಂದೇನು ತಕರಾರಿಲ್ಲ. ಯಾವ್ದಾದ್ರೂ ಇಕ್ಕಳಿ. ಒಂದೇ ಇಕ್ಕಳಿ. ಮೇಲ್ಬೀದಿಗೊಂದು ಕೆಳಬೀದಿಗೊಂದು ಬ್ಯಾಡ. ಮ್ಯಾಲೆ ವಾಲ್ವು ಮುಚ್ಚುದ್ ಮ್ಯಾಲೆ ಪೈಪಲ್ಲಿ ಉಳಿಯೋ ನೀರು ಕೆಳೀಕೆ ಬತ್ತದೆ, ಅದ್ನೇ ನಮ್ಮೋರು ಕುಡಿಯಾದು. ಮೂಡ್ಲಿಗೆ ಉಣಸೇ ಮರ. ಪಡುವ್ಲಿಗೆ ನೀರಿನ ಟ್ಯಾಂಕು. ಬಡಗ್ಲಿಗೆ ಬಸ್ ರೋಡು. ತೆಂಕ್ಲಿಗೆ ನಮ್ಮ ಬೀದಿ ಕಳುದು ಅಳ್ಳ. ಇಷ್ಟು ಚೆಕ್ಕುಬಂದಿ. ಇದ್ರೊಳಗೆ ಇರೋರೆಲ್ಲ ಒಂದೇ ಕಡೆಯೋರು. ಗೂಡು ಇರಾದು ನಡುಮದ್ದೀಲಿ ಸ್ವಾಮಿ, ಅಂಚ್ನಲ್ಲಲ್ಲ."